ಇನ್ಸುಲಿನ್ ತೆಗೆದುಕೊಂಡರೂ ಸಕ್ಕರೆ ಇಳಿಯುತ್ತಿಲ್ಲ: ಸಿಸ್ಟರ್‌ಗೆ ಏನೇನು ತೋರಿಸಬೇಕು?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತಂದೆಯವರಿಗೆ 58 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆಗಳಿಂದ ಹತೋಟಿಗೆ ಬರದ ಕಾರಣ ನಾಲ್ಕು ತಿಂಗಳ ಹಿಂದೆ ವೈದ್ಯರು ಬೆಳಿಗ್ಗೆ 20 ಯೂನಿಟ್, ರಾತ್ರಿ 14 ಯೂನಿಟ್ ಇನ್ಸುಲಿನ್ ಬರೆದುಕೊಟ್ಟರು. ಆಗ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯಲ್ಲಿ (HbA1c) 10.2 ಇತ್ತು, ಈಗ 9.8 ಬಂದಿದೆ. ಖಾಲಿ ಹೊಟ್ಟೆಯಲ್ಲಿ 230ರ ಆಸುಪಾಸು ಇರುತ್ತದೆ. ಇನ್ನೂ ಹೆಚ್ಚು ಇನ್ಸುಲಿನ್ ಬೇಕೇ, ಅಥವಾ ಇದು ಅವರ ಮೈಗೆ ಒಗ್ಗುತ್ತಿಲ್ಲವೇ? ನಾವು ತೋರಿಸುವ ಆಸ್ಪತ್ರೆಯಲ್ಲಿ ವೈದ್ಯರಿಗೆ ಹೆಚ್ಚು ಸಮಯವಿರುವುದಿಲ್ಲ. ಅಲ್ಲಿಯ ಸಿಸ್ಟರ್ ಮಾತ್ರ, ಬಾಟಲಿ ಮತ್ತು ಸಿರಿಂಜ್ ತನ್ನಿ, ನೀವು ಹೇಗೆ ಚುಚ್ಚಿಕೊಳ್ಳುತ್ತೀರಿ ತೋರಿಸಿ ಎಂದು ಪ್ರತಿ ಸಲ ಕೇಳುತ್ತಾರೆ. ತಂದೆಯವರಿಗೆ ಇದರಿಂದ ಮುಜುಗರವಾಗಿ ಈಗ ಆಸ್ಪತ್ರೆಗೆ ಬರಲೇ ಒಪ್ಪುತ್ತಿಲ್ಲ. ಊರಿನವರೊಬ್ಬರು ಇನ್ಸುಲಿನ್ ಗಿಡದ ಎಲೆ ತಿನ್ನಲು ಹೇಳಿದ್ದಾರೆ. ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಿನಲ್ಲಿ ಪಾದಯಾತ್ರೆ ಹೋಗುವ ಹರಕೆಯೂ ಅವರಿಗಿದೆ. ನನಗೆ 32 ವರ್ಷ, ಖಾಲಿ ಹೊಟ್ಟೆಯ ಸಕ್ಕರೆ 112 ಬಂದಿದೆ. ನನ್ನ ಪತ್ನಿಗೆ ಎರಡು ವರ್ಷಗಳ ಹಿಂದೆ ಬಸುರಿನಲ್ಲಿ ಸಕ್ಕರೆ ಹೆಚ್ಚಾಗಿತ್ತು, ಹೆರಿಗೆಯ ನಂತರ ಪರೀಕ್ಷೆ ಮಾಡಿಸಿಲ್ಲ. ನಾವಿಬ್ಬರೂ ಏನು ಮಾಡಬೇಕು?

ಉತ್ತರ: ನಿಮ್ಮ ತಂದೆಯವರ ಇನ್ಸುಲಿನ್ ಪ್ರಮಾಣವನ್ನು ಹೆಚ್ಚಿಸುವ ಮಾತಿಗೆ ಮೊದಲು ಆ ಸಿಸ್ಟರ್ ಕೇಳಿದ್ದನ್ನು ತೋರಿಸಿ. ಅವರು ಕೇಳುತ್ತಿರುವುದು ನಿಮ್ಮ ತಂದೆಯವರ ತಿಳಿವಳಿಕೆಯನ್ನು ಪರೀಕ್ಷಿಸುವುದಕ್ಕಲ್ಲ. ನಾಲ್ಕು ತಿಂಗಳು ದಿನಕ್ಕೆ ಎರಡು ಬಾರಿ ಇನ್ಸುಲಿನ್ ತೆಗೆದುಕೊಂಡವರ ಸರಾಸರಿ 10.2ರಿಂದ 9.8ಕ್ಕಷ್ಟೇ ಇಳಿದಿದೆ ಎಂದಾಗ, ಬರೆದುಕೊಟ್ಟ ಇನ್ಸುಲಿನ್ ನಿಜವಾಗಿಯೂ ಮೈಯೊಳಗೆ ಸೇರುತ್ತಿದೆಯೇ ಎಂಬ ಸಂದೇಹ ಅನುಭವವಿರುವ ಯಾವ ಶುಶ್ರೂಷಕಿಗಾದರೂ ಮೊದಲು ಬರುತ್ತದೆ. ಮಧುಮೇಹದ ಹೊರರೋಗಿ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿ, ಈಗ ಅದನ್ನೇ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುತ್ತಿರುವ ನನಗೆ ನಿಮ್ಮ ಪತ್ರ ಓದಿದ ಕೂಡಲೇ ಬಂದ ಸಂದೇಹವೂ ಅದೇ. ನಿಮ್ಮ ಭಾಗದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಎಂಬುದು ಒಂದು ಲೆಕ್ಕ, ಕೊನೆ ಭಾಗದ ಹೊಲಕ್ಕೆ ಎಷ್ಟು ತಲುಪಿತು ಎಂಬುದು ಬೇರೆಯೇ ಲೆಕ್ಕ. ವೈದ್ಯರ ಚೀಟಿಯಲ್ಲಿರುವ 20 ಯೂನಿಟ್ ಮೊದಲನೆಯದು. ಎರಡನೆಯದನ್ನು ನೋಡುವುದು ಸಿಸ್ಟರ್ ಅವರ ಕೆಲಸ.

ಮೊದಲು ಬಾಟಲಿ ಮತ್ತು ಸಿರಿಂಜನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಬಹುಪಾಲು ಒಂದು ಮಿಲಿಲೀಟರ್‌ಗೆ 40 ಯೂನಿಟ್ ಸಾಂದ್ರತೆಯದ್ದು. ಪೆನ್ನಿನಲ್ಲಿ ಬಳಸುವುದು ಸಾಮಾನ್ಯವಾಗಿ ಮಿಲಿಲೀಟರ್‌ಗೆ 100 ಯೂನಿಟ್ ಇರುವಂಥದ್ದು. ಸಿರಿಂಜುಗಳಲ್ಲಿಯೂ ಇದೇ ಎರಡು ಬಗೆಗಳಿದ್ದು, 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಔಷಧದ ಅಂಗಡಿಯಲ್ಲಿ ಕೆಂಪು ಮುಚ್ಚಳದ್ದು ಮುಗಿದಿದ್ದಾಗ ಕಿತ್ತಳೆಯದನ್ನು ಕೊಟ್ಟು ಕಳುಹಿಸುವುದುಂಟು, ಮನೆಯವರು ಎರಡೂ ಒಂದೇ ಎಂದುಕೊಳ್ಳುವುದೂ ಉಂಟು. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದುಕೊಂಡರೆ ಒಳಗೆ ಬರುವುದು 0.2 ಮಿಲಿಲೀಟರ್, ಅಂದರೆ 8 ಯೂನಿಟ್ ಮಾತ್ರ. ರಾತ್ರಿಯ 14 ಯೂನಿಟ್ ಎಂದುಕೊಂಡದ್ದು ಆರಕ್ಕೂ ಕಡಿಮೆಯಾಗಿರುತ್ತದೆ. ಇದಕ್ಕೆ ತಿರುವುಮುರುವಾದರೆ ಅಪಾಯ ಇನ್ನೂ ದೊಡ್ಡದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ದೇಹಕ್ಕೆ ಸೇರಿ, ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಮುಚ್ಚಳದ ಬಣ್ಣವನ್ನಷ್ಟೇ ನಂಬದೆ, ಬಾಟಲಿಯ ಚೀಟಿಯ ಮೇಲಿರುವ ಸಂಖ್ಯೆಯೂ ಸಿರಿಂಜಿನ ಕೊಳವೆಯ ಮೇಲಿರುವ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ಪ್ರತಿ ಬಾರಿ ಕೊಳ್ಳುವಾಗ ಓದಿ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಸಿರಿಂಜ್ ತಪ್ಪಾಗಿತ್ತು ಎಂದು ಗೊತ್ತಾದರೆ, ಅಂದೇ ಸರಿಯಾದ ಸಿರಿಂಜ್ ತಂದು ಅದೇ 20ರ ಗೆರೆಗೆ ಎಳೆದು ಚುಚ್ಚಬೇಡಿ. ಇಷ್ಟು ದಿನ 8 ಯೂನಿಟ್ ಪಡೆದ ದೇಹಕ್ಕೆ ಒಮ್ಮೆಲೇ ಎರಡೂವರೆ ಪಟ್ಟು ಸಿಕ್ಕಂತಾಗುತ್ತದೆ. ಅದೇ ದಿನ ವೈದ್ಯರಿಗೆ ವಿಷಯ ತಿಳಿಸಿ, ಯಾವ ಪ್ರಮಾಣದಿಂದ ಆರಂಭಿಸಬೇಕೆಂದು ಅವರಿಂದಲೇ ಬರೆಸಿಕೊಳ್ಳಬೇಕು. ಮೊದಲ ಕೆಲವು ದಿನ ಗ್ಲುಕೋಮೀಟರ್‌ನಲ್ಲಿ ಹೆಚ್ಚು ಸಲ ನೋಡಬೇಕು.

ಸಿರಿಂಜ್ ಸರಿಯಾಗಿದ್ದರೆ ಮುಂದಿನ ಸಂದೇಹ ಚುಚ್ಚುವ ಜಾಗದ್ದು. ಹೊಕ್ಕುಳಿನ ಬಲಗಡೆ ಸುಲಭವಾಗಿ ಕೈ ಹೋಗುತ್ತದೆ ಎಂದು ನಿತ್ಯವೂ ಅಲ್ಲಿಯೇ ಚುಚ್ಚಿಕೊಳ್ಳುವವರು ಬಹಳ ಮಂದಿ. ಕೆಲವು ತಿಂಗಳಲ್ಲಿ ಆ ಜಾಗದ ಕೊಬ್ಬು ದಪ್ಪಗಾಗಿ ಗಂಟಿನಂತಾಗುತ್ತದೆ. ಅಲ್ಲಿ ನೋವು ಕಡಿಮೆ ಇರುವುದರಿಂದ ರೋಗಿಗೆ ಅದೇ ಜಾಗ ಇನ್ನಷ್ಟು ಹಿತವೆನಿಸುತ್ತದೆ. ಆದರೆ ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ನಿಧಾನವಾಗಿ, ಮತ್ತೊಂದು ದಿನ ಬೇಗನೆ ರಕ್ತಕ್ಕೆ ಸೇರುತ್ತದೆ, ಸಕ್ಕರೆಯ ಅಂಕಿಗಳು ಕಾರಣವಿಲ್ಲದೆ ಏರಿಳಿದಂತೆ ಕಾಣುತ್ತವೆ. ಸಿಸ್ಟರ್ ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಬೆರಳ ತುದಿಗಳನ್ನು ಹೊಟ್ಟೆಯ ಮೇಲೆ ಮೆಲ್ಲಗೆ ಒತ್ತುತ್ತ ಸುತ್ತಲೂ ಜರುಗಿಸಿದಾಗ ಮೃದುವಾದ ಚರ್ಮದ ನಡುವೆ ರಬ್ಬರಿನಂಥ ಗಟ್ಟಿ ಭಾಗ ಕೈಗೆ ತಾಗುತ್ತದೆ. ಕಣ್ಣಿಗೆ ಕಾಣದ ಇಂಥ ಗಂಟು ಕೈಗೆ ಸಿಕ್ಕಿಬಿಡುತ್ತದೆ, ಆದರೆ ಅಂಗಿ ಮೇಲೆತ್ತಿ ತೋರಿಸದ ಹೊರತು ಯಾರಿಗೂ ಸಿಗುವುದಿಲ್ಲ. ಗಂಟಿರುವ ಜಾಗಕ್ಕೆ ಕೆಲವು ತಿಂಗಳು ಪೂರ್ತಿ ವಿಶ್ರಾಂತಿ ಕೊಟ್ಟು, ಹೊಟ್ಟೆಯ ಬೇರೆ ಭಾಗ ಮತ್ತು ತೊಡೆಯ ಹೊರಬದಿಯಲ್ಲಿ, ಒಂದು ಚುಚ್ಚಿನಿಂದ ಇನ್ನೊಂದಕ್ಕೆ ಒಂದು ಬೆರಳಿನಷ್ಟು ಅಂತರ ಬಿಟ್ಟು, ಸರದಿಯಂತೆ ಚುಚ್ಚಬೇಕು. ಹೊಕ್ಕುಳಿನ ಸುತ್ತ ಎರಡು ಬೆರಳು ಜಾಗ ಬಿಡಬೇಕು. ಗಂಟಿನಿಂದ ಒಳ್ಳೆಯ ಜಾಗಕ್ಕೆ ಬದಲಾಯಿಸಿದಾಗಲೂ ಇನ್ಸುಲಿನ್ ಹೆಚ್ಚು ಕೆಲಸ ಮಾಡಿ ಸಕ್ಕರೆ ಕುಸಿಯಬಹುದಾದ್ದರಿಂದ, ಆಗಲೂ ವೈದ್ಯರ ಗಮನಕ್ಕೆ ತರಬೇಕು. ಒಂದೇ ಸೂಜಿಯನ್ನು ಮೊಂಡಾಗುವವರೆಗೆ ಬಳಸುವುದೂ ಈ ಗಂಟುಗಳಿಗೆ ಒಂದು ಕಾರಣ.

ದಿನಕ್ಕೆ ಎರಡು ಬಾರಿ ಎಂದಿರುವುದರಿಂದ ಅವರಿಗೆ ಕೊಟ್ಟಿರುವುದು ಬಹುಶಃ ಹಾಲಿನಂತೆ ಬೆಳ್ಳಗಿರುವ ಮಿಶ್ರ ಇನ್ಸುಲಿನ್, ಅಂದರೆ ಬೇಗ ಕೆಲಸ ಮಾಡುವುದೂ ನಿಧಾನವಾಗಿ ಕೆಲಸ ಮಾಡುವುದೂ ಸೇರಿದ್ದು, ಇರಬೇಕು. ಅದನ್ನು ಎಳೆಯುವ ಮೊದಲು ಎರಡು ಅಂಗೈಗಳ ನಡುವೆ ಬಾಟಲಿಯನ್ನು ಹತ್ತಿಪ್ಪತ್ತು ಸಲ ಹೊರಳಿಸಿ ಒಂದೇ ಸಮನೆ ಬೆಳ್ಳಗಾಗುವಂತೆ ಮಾಡಬೇಕು. ಕುಲುಕಬಾರದು. ತಳದಲ್ಲಿ ಕೂತದ್ದನ್ನು ಕಲಸದೆ ಎಳೆದರೆ ಒಂದು ದಿನ ಒಂದು ಔಷಧ, ಇನ್ನೊಂದು ದಿನ ಇನ್ನೊಂದು ಔಷಧ ಕೊಟ್ಟಂತಾಗುತ್ತದೆ. ಹಳೆಯ ಬಗೆಯ ಮಿಶ್ರ ಇನ್ಸುಲಿನ್ ಆದರೆ ಊಟಕ್ಕೆ ಸುಮಾರು 30 ನಿಮಿಷ ಮೊದಲು ಚುಚ್ಚಬೇಕು. ಹೊಸ ಬಗೆಯದಾದರೆ ಊಟ ಮುಂದಿಟ್ಟುಕೊಂಡೇ ಚುಚ್ಚಬೇಕು. ನಿಮ್ಮದು ಯಾವುದೆಂದು ಸಿಸ್ಟರ್ ಬಾಟಲಿ ನೋಡಿ ಹೇಳುತ್ತಾರೆ. ಗದ್ದೆಯಿಂದ ಬಂದ ಮೇಲೆ ಚುಚ್ಚಿಕೊಂಡು, ಸ್ನಾನ ಮಾಡಿ, ಯಾರೋ ಬಂದರೆಂದು ಮಾತಿಗೆ ಕುಳಿತು, ಒಂದೂವರೆ ಗಂಟೆಯ ನಂತರ ಉಣ್ಣುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಈ ಸಂಗತಿ ಚೀಟಿಯಲ್ಲಿ ಬರುವುದಿಲ್ಲ, ಕೇಳಿದರೆ ಮಾತ್ರ ಹೊರಬೀಳುತ್ತದೆ.

ಇನ್ನು ಬಿಸಿಲು. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ತೆರೆಯದ ಬಾಟಲಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಐಸ್ ಕಟ್ಟುವ ಮೇಲಿನ ಖಾನೆಯಲ್ಲಿ ಇಟ್ಟರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುತ್ತದೆ. ಬಳಕೆಯಲ್ಲಿರುವ ಬಾಟಲಿ 25ರಿಂದ 30 ಡಿಗ್ರಿಯೊಳಗಿನ ತಂಪಿನಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ಫ್ರಿಜ್ ಇಲ್ಲದ ಮನೆಯವರಿಗೆ ನಾನು ಹೇಳಿಕೊಡುವುದು ಮಣ್ಣಿನ ಗಡಿಗೆಯ ಉಪಾಯ. ಅಗಲ ಬಾಯಿಯ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಒಂದು ಚಿಕ್ಕ ಕುಡಿಕೆಯನ್ನು ಹೂತು, ಬಾಟಲಿಯನ್ನು ನೀರು ತಾಗದಂತೆ ಮುಚ್ಚಳದ ಡಬ್ಬಿಯಲ್ಲಿಟ್ಟು ಆ ಕುಡಿಕೆಯಲ್ಲಿಡಬೇಕು. ಗಡಿಗೆ ನೆರಳಿನಲ್ಲಿ, ಗಾಳಿಯಾಡುವಲ್ಲಿ ಇರಬೇಕು, ಮರಳಿಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಬಾಟಲಿಯೊಳಗೆ ಹರಳು ಕಂಡರೆ, ಗಾಜಿಗೆ ಬಿಳಿ ಪುಡಿ ಅಂಟಿಕೊಂಡಂತೆ ಕಂಡರೆ, ಎಷ್ಟೇ ಉಳಿದಿದ್ದರೂ ಅದನ್ನು ಬಳಸಬೇಡಿ. ಬೈಕಿನ ಡಿಕ್ಕಿಯಲ್ಲಿಟ್ಟು ಮರೆತ ಬಾಟಲಿಯೂ ಹಾಗೆಯೇ.

ಈ ನಾಲ್ಕರಲ್ಲಿ ಒಂದು ದೋಷವಾದರೂ ಸಿಗುವ ಸಾಧ್ಯತೆ ನಿಮ್ಮ ತಂದೆಯವರ ವಿಷಯದಲ್ಲಿ ಹೆಚ್ಚು ಎಂದು ನನಗನಿಸುತ್ತದೆ. ಯಾವುದೂ ಸಿಗದಿದ್ದರೆ ಆಗ ವೈದ್ಯರು ಪ್ರಮಾಣ ಹೆಚ್ಚಿಸುವುದು ಸರಿ. ಪ್ರಮಾಣವನ್ನು ಬದಲಿಸುವ ತೀರ್ಮಾನ ವೈದ್ಯರದ್ದೇ ಹೊರತು ಸಿಸ್ಟರ್ ಅವರದಲ್ಲ, ಅಕ್ಕಪಕ್ಕದವರದಂತೂ ಅಲ್ಲವೇ ಅಲ್ಲ. ಆದರೆ ಆ ತೀರ್ಮಾನಕ್ಕೆ ಬೇಕಾದ ನಿಜವಾದ ಮಾಹಿತಿಯನ್ನು ಕಲೆಹಾಕಿ ವೈದ್ಯರ ಮುಂದಿಡುವವರು ಸಿಸ್ಟರ್. ಅದಿಲ್ಲದೆ ಪ್ರಮಾಣವನ್ನು ಏರಿಸುತ್ತ ಹೋಗುವುದು, ನನ್ನ ದೃಷ್ಟಿಯಲ್ಲಿ, ರೋಗಿಗೆ ಮಾಡುವ ಅನ್ಯಾಯ.

ತಂದೆಯವರ ಮುಜುಗರದ ಬಗ್ಗೆ ಒಂದು ಮಾತು. ಒಂಬತ್ತು ವರ್ಷ ಮಾತ್ರೆ ನುಂಗಿ, ಪಥ್ಯ ಮಾಡಿ, ಮನೆಯವರಿಂದ ಅದು ತಿನ್ನಬೇಡ ಇದು ತಿನ್ನಬೇಡ ಎಂದು ಕೇಳಿ ಬೇಸತ್ತ ಮನುಷ್ಯನಿಗೆ, ಚುಚ್ಚಿಕೊಂಡು ತೋರಿಸು ಎಂದರೆ ತಪ್ಪು ಹುಡುಕುತ್ತಿದ್ದಾರೆ ಎನಿಸುವುದು ಸಹಜ. ಹತ್ತು ಜನರ ಮುಂದೆ ಕೇಳಿದರೆ ಇನ್ನೂ ಹೆಚ್ಚು. ಒಳ್ಳೆಯ ಶುಶ್ರೂಷಕಿ ಅದನ್ನು ಪರದೆಯ ಹಿಂದೆ, ಅಜ್ಜಾರೆ, ನಾನೂ ನೋಡಿ ಕಲಿಯುತ್ತೇನೆ ಎಂಬ ಧಾಟಿಯಲ್ಲಿ ಕೇಳುತ್ತಾಳೆ. ನೀವೇ ಮುಂಚಿತವಾಗಿ ಸಿಸ್ಟರ್ ಅವರನ್ನು ಕಂಡು, ಜನಸಂದಣಿ ಕಡಿಮೆ ಇರುವ ಹೊತ್ತನ್ನು ಕೇಳಿಕೊಂಡು, ತಂದೆಯವರ ಜೊತೆ ಹೋಗಿ. ಇನ್ಸುಲಿನ್ ಎಂದರೆ ಕೊನೆಯ ಹಂತ ಎಂಬ ಅಂಜಿಕೆ ಅವರ ಮನಸ್ಸಿನಲ್ಲಿ ಇದ್ದರೆ ಅದನ್ನೂ ಅಲ್ಲಿಯೇ ಮಾತಾಡಿಸಿ. ವರ್ಷಗಳು ಕಳೆದಂತೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪತ್ತಿ ಕುಗ್ಗುತ್ತ ಹೋಗುವುದು ಈ ಕಾಯಿಲೆಯ ಸ್ವಭಾವ. ಹೊರಗಿನಿಂದ ಕೊಡುವುದು ಆ ಕೊರತೆಯನ್ನು ತುಂಬಲು. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿ ಮಧುಮೇಹವಿದ್ದ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚುವವರೆಗೆ ಅವನಂಥ ಮಕ್ಕಳು ಬದುಕುವ ದಾರಿಯೇ ಇರಲಿಲ್ಲ. ಊರಿನವರು ಹೇಳಿದ ಗಿಡದ ಎಲೆಗೆ ಆ ಹೆಸರಿದೆಯೇ ಹೊರತು ಅದರಲ್ಲಿ ಇನ್ಸುಲಿನ್ ಇಲ್ಲ. ಅದನ್ನು ನಂಬಿ ಚುಚ್ಚುಮದ್ದು ಬಿಟ್ಟರೆ ಕೆಲವೇ ದಿನಗಳಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಏರಬಹುದು. ಎಲೆ ತಿನ್ನುತ್ತಿದ್ದರೆ ಮುಚ್ಚಿಡದೆ ಸಿಸ್ಟರ್‌ಗೆ ಹೇಳಿ.

ಸಕ್ಕರೆ ಕುಸಿಯುವ ವಿಷಯವನ್ನು ಮನೆಯ ಎಲ್ಲರೂ ತಿಳಿದಿರಬೇಕು. ಕೈ ನಡುಗುವುದು, ತಣ್ಣನೆಯ ಬೆವರು, ಎದೆ ಬಡಿತ, ಇದ್ದಕ್ಕಿದ್ದಂತೆ ಸಿಟ್ಟು, ಮಾತು ತಡವರಿಸುವುದು, ಇವು 70ಕ್ಕಿಂತ ಕೆಳಗಿಳಿದಾಗ ಕಾಣುವ ಲಕ್ಷಣಗಳು. ಬಿಸಿಲಿನಲ್ಲಿ ಕೆಲಸ ಮಾಡುವ ರೈತರಲ್ಲಿ ಇದನ್ನು ಉಷ್ಣಕ್ಕೆ ಬಂದ ಸುಸ್ತು ಎಂದು ತಿಳಿದು ನೆರಳಿನಲ್ಲಿ ಮಲಗಿಸಿಬಿಡುತ್ತಾರೆ, ಅದೇ ಅಪಾಯ. ಎಚ್ಚರವಿದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಸುಧಾರಿಸಿದ ಮೇಲೆ ರೊಟ್ಟಿಯೋ ಅನ್ನವೋ ಉಣ್ಣಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ನಾಟಿ, ಕೊಯ್ಲು, ರಾತ್ರಿ ನೀರು ಹಾಯಿಸುವ ದಿನಗಳಲ್ಲಿ ಮೈದಣಿವು ಹೆಚ್ಚಿರುವುದರಿಂದ ಪ್ರಮಾಣ ಹೇಗಿರಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮನೆಯಲ್ಲಿ ಗ್ಲುಕೋಮೀಟರ್ ನೋಡುವಾಗ ಕೈ ತೊಳೆದು ಒರೆಸಿಕೊಂಡು, ಬೆರಳಿನ ತುದಿಗಲ್ಲ, ಬದಿಗೆ ಚುಚ್ಚಬೇಕು. ಮಾವಿನ ಹಣ್ಣು ಮುಟ್ಟಿದ ಕೈಯಲ್ಲೇ ನೋಡಿದರೆ ಯಂತ್ರ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಇರಲಾರೆ, ಏಕೆಂದರೆ ಸಿಂಧನೂರು, ಗಂಗಾವತಿ, ಕಾರಟಗಿ ಭಾಗದಲ್ಲಿ ಇದು ಕಾಯಿಲೆಯ ಬೇರಿಗೇ ಸಂಬಂಧಿಸಿದ್ದು. ತುಂಗಭದ್ರಾ ನೀರು ಬರುವ ಮುನ್ನ ಇದು ಜೋಳ, ಸಜ್ಜೆ, ನವಣೆಯ ಸೀಮೆ. ಈಗ ಮನೆಯಂಗಳದಲ್ಲೇ ಭತ್ತ ಬೆಳೆಯುವುದರಿಂದ ಎರಡು ಹೊತ್ತೂ ಪಾಲಿಶ್ ಮಾಡಿದ ಸೋನಾ ಮಸೂರಿ ಅನ್ನ. ಹಾಗೆಂದು ಅನ್ನ ಬಿಟ್ಟು ರೊಟ್ಟಿ ತಿಂದರೆ ಸಕ್ಕರೆ ಇಳಿಯುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಜೋಳದ ರೊಟ್ಟಿಯಲ್ಲಿ ನಾರು ಹೆಚ್ಚು, ಸಕ್ಕರೆ ಏರುವುದು ಸ್ವಲ್ಪ ನಿಧಾನ, ಆದರೆ ಅದೂ ಹಿಟ್ಟೇ. ಎರಡು ದೊಡ್ಡ ರೊಟ್ಟಿ ಮುಗಿಸಿ, ಕೊನೆಗೆ ಸ್ವಲ್ಪವೇ ಅನ್ನ ಎಂದು ತಟ್ಟೆ ತುಂಬ ಹಾಕಿಸಿಕೊಳ್ಳುವ ರೂಢಿಯೇ ನಮ್ಮಲ್ಲಿ ನಿಜವಾದ ತೊಂದರೆ. ತಟ್ಟೆಯ ಅರ್ಧ ಭಾಗ ಪುಂಡಿಪಲ್ಯ, ಹೀರೆ, ಬದನೆ, ಸೌತೆ, ಮೂಲಂಗಿಯಂಥ ಕಾಯಿಪಲ್ಯ ಇರಲಿ, ಕಾಲು ಭಾಗ ಹೆಸರುಕಾಳು, ಮಡಕಿಕಾಳು, ಬೇಳೆ, ಮೊಟ್ಟೆ ಅಥವಾ ಮೀನು ಇರಲಿ, ಉಳಿದ ಕಾಲು ಭಾಗದಲ್ಲಿ ರೊಟ್ಟಿ ಅಥವಾ ಅನ್ನ, ಎರಡರಲ್ಲಿ ಒಂದು. ಬೆಳಿಗ್ಗೆ ಹೋಟೆಲಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವ ಅಭ್ಯಾಸವಿದ್ದರೆ ಗೊತ್ತಿರಲಿ, ಮಂಡಕ್ಕಿ ಹಗುರವಾಗಿ ಕಂಡರೂ ಸಕ್ಕರೆಯನ್ನು ಬಹಳ ಬೇಗ ಏರಿಸುತ್ತದೆ. ಬೆಲ್ಲ, ಜೇನು ಸಕ್ಕರೆಗೆ ಬದಲಿಯಲ್ಲ. ಹೊಲದಲ್ಲಿ ಆಳುಗಳ ಜೊತೆ ಕುಡಿಯುವ ಸಿಹಿ ಚಹಾ ದಿನಕ್ಕೆ ಎಷ್ಟು ಸಲ ಎಂದು ಸಿಸ್ಟರ್ ಕೇಳಿದಾಗ ನಿಜವಾದ ಲೆಕ್ಕ ಹೇಳಿ. ಹಬ್ಬದಲ್ಲಿ ಒಂದು ಹೋಳಿಗೆ ತಿಂದದ್ದಕ್ಕೆ ತಂದೆಯವರನ್ನು ಗದರಿಸಬೇಡಿ, ಆ ಹೊತ್ತಿನ ಅನ್ನ ಕಡಿಮೆ ಮಾಡಿಸಿ.

ಇನ್ನು ಪಾದಯಾತ್ರೆ. ಯುಗಾದಿಯ ಹೊತ್ತಿಗೆ ಬಿಸಿಲು ಏರಿರುತ್ತದೆ, ಡಾಂಬರು ರಸ್ತೆ ಮಧ್ಯಾಹ್ನ ಸುಡುತ್ತಿರುತ್ತದೆ. ಸಕ್ಕರೆ ಬಹುಕಾಲ ಹೆಚ್ಚಿದ್ದವರಲ್ಲಿ ಕಾಲಿನ ನರಗಳು ಮಂಕಾಗಿ, ಸುಟ್ಟರೂ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಸಂಜೆ ಬೊಬ್ಬೆ ನೋಡಿದಾಗಲೇ ತಿಳಿಯುವುದು. ಅಂಥ ಗಾಯ ಕೀವಾಗಿ, ಮೂಳೆಗೆ ಇಳಿದು, ಬೆರಳು ಅಥವಾ ಕಾಲನ್ನೇ ತೆಗೆಯಬೇಕಾದ ರೋಗಿಗಳನ್ನು ನಾವು ನೋಡುತ್ತಲೇ ಇರುತ್ತೇವೆ. ಹೊರಡುವ ನಿರ್ಧಾರಕ್ಕೆ ಮೊದಲು ಪಾದದ ಪರೀಕ್ಷೆ ಮಾಡಿಸಿ. ತಂದೆಯವರು ಕಣ್ಣು ಮುಚ್ಚಿಕೊಂಡಿರುವಾಗ ಸಿಸ್ಟರ್ ಒಂದು ನೈಲಾನ್ ಎಳೆಯನ್ನು ಪಾದದ ಅಡಿಯ ಕೆಲವು ಜಾಗಗಳಲ್ಲಿ ಅದು ಬಾಗುವಷ್ಟು ಮಾತ್ರ ಒತ್ತುತ್ತಾರೆ, ಬಾಗಿದಾಗ ಅದರ ಒತ್ತಡ 10 ಗ್ರಾಂ. ಒತ್ತಿದ್ದು ಗೊತ್ತಾಯಿತೇ ಎಂದು ಕೇಳುತ್ತಾರೆ. ಜೊತೆಗೆ ಪಾದದ ನಾಡಿ, ಬೆರಳ ಸಂದು, ಆಣಿ, ಬಿರುಕು ನೋಡುತ್ತಾರೆ. ಒತ್ತಿದ್ದು ತಿಳಿಯದಿದ್ದರೆ, ಗಾಯವಿದ್ದರೆ ಅಥವಾ ಸಕ್ಕರೆ ಈಗಿರುವಷ್ಟೇ ಇದ್ದರೆ ಈ ವರ್ಷ ನಡೆದು ಹೋಗುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಸ್ಸಿನಲ್ಲಿ ಹೋಗಿ ಮಲ್ಲಯ್ಯನ ದರ್ಶನ ಮಾಡಿ ಬರಲಿ, ಹರಕೆಯನ್ನು ಮುಂದೂಡುವ ಬಗ್ಗೆ ಅವರು ನಂಬುವ ಸ್ವಾಮಿಗಳಿಂದಲೇ ಒಂದು ಮಾತು ಹೇಳಿಸಿದರೆ ಮನಸ್ಸಿಗೂ ಸಮಾಧಾನವಾಗುತ್ತದೆ. ಮುಂದೊಂದು ವರ್ಷ ಎಲ್ಲ ಸರಿಯಿದ್ದು ಹೊರಟರೂ ಬರಿಗಾಲು ಸಲ್ಲದು, ಹಿಂಬದಿಗೆ ಪಟ್ಟಿಯಿರುವ ಮೆತ್ತನೆಯ ಚಪ್ಪಲಿ ಇರಲೇಬೇಕು. ಮನೆಯಲ್ಲಿಯೂ ರಾತ್ರಿ ಮಲಗುವ ಮುನ್ನ ಎರಡೂ ಪಾದಗಳ ಅಡಿಯನ್ನು ಯಾರಾದರೂ ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳುವುದು, ಜುಮುಗುಟ್ಟುವ ಪಾದಕ್ಕೆ ಬಿಸಿ ನೀರಿನ ಶಾಖ ಕೊಡುವುದು, ಎರಡನ್ನೂ ಬಿಡಿಸಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125ರವರೆಗಿನ ಅಂಕಿಯನ್ನು ಮಧುಮೇಹದ ಪೂರ್ವಸ್ಥಿತಿ ಎಂದೂ, 126 ಅಥವಾ ಹೆಚ್ಚು ಎರಡು ಬಾರಿ ಬಂದರೆ ಮಧುಮೇಹವೆಂದೂ ಪರಿಗಣಿಸುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದ್ದರೆ, 13.6 ಕೋಟಿ ಜನ ನಿಮ್ಮಂತೆ ಹೊಸ್ತಿಲಲ್ಲಿ ಇದ್ದಾರೆ. ಇಲ್ಲಿಂದ ಹಿಂದಿರುಗಲು ಸಾಧ್ಯವಿದೆ. 2006ರಲ್ಲಿ ಪ್ರಕಟವಾದ, ನಮ್ಮ ದೇಶದವರ ಮೇಲೆಯೇ ನಡೆದ ಪ್ರಯೋಗವೊಂದರಲ್ಲಿ ಊಟ ಮತ್ತು ನಡಿಗೆಯ ಬದಲಾವಣೆಯಿಂದಲೇ ಮಧುಮೇಹ ಬರುವ ಸಂಭವ ಸುಮಾರು 28 ಶೇಕಡಾ ಕಡಿಮೆಯಾಯಿತು. ನಿಮ್ಮ ಸೊಂಟದ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ತೂಕ ಹೆಚ್ಚಿದ್ದರೆ ಅದರಲ್ಲಿ ನೂರಕ್ಕೆ ಐದರಿಂದ ಏಳು ಭಾಗ ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು, ತಂಬಾಕು ಗುಟ್ಕಾ ಬಿಡುವುದು, ಇಷ್ಟರಿಂದ ಆರಂಭಿಸಿ. ರೈತನಾದ ನನಗೆ ವ್ಯಾಯಾಮ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಉಳುಮೆಗೆ ಟ್ರ್ಯಾಕ್ಟರ್, ಕೊಯ್ಲಿಗೆ ಯಂತ್ರ, ಹೊಲಕ್ಕೆ ಬೈಕು ಬಂದ ಮೇಲೆ ಹಿಂದಿನವರ ದುಡಿಮೆ ನಮ್ಮ ಮೈಗೆ ಉಳಿದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೂವತ್ತು ದಾಟಿದವರಿಗೆ ಸಕ್ಕರೆ, ರಕ್ತದೊತ್ತಡದ ತಪಾಸಣೆ ನಿಮ್ಮ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿಯೇ ಉಚಿತವಾಗಿ ಆಗುತ್ತದೆ. ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುತೇಕರು ನರ್ಸಿಂಗ್ ಓದಿದವರೇ. ಪ್ರತಿ ಬಾರಿಯೂ ದೂರದ ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಆಶಾ ಕಾರ್ಯಕರ್ತೆಗೆ ಹೇಳಿದರೆ ಹೆಸರು ಬರೆಸಿ ನೆನಪಿಸುತ್ತಾರೆ. ನೀವು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸಬೇಕು.

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರೆತುಹೋಗಿರುವವರು ನಿಮ್ಮ ಪತ್ನಿ, ನನ್ನನ್ನು ಹೆಚ್ಚು ಕಾಡಿದ್ದೂ ಆ ಒಂದು ಸಾಲೇ. ಬಸುರಿನಲ್ಲಿ ಸಕ್ಕರೆ ಬಂದವರಿಗೆ ಹೆರಿಗೆಯಾದ ಆರರಿಂದ ಹನ್ನೆರಡು ವಾರಗಳೊಳಗೆ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆ ಆಗಬೇಕು, ಆಮೇಲೆ ಸರಿಯಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಮಾಡಿಸುತ್ತಿರಬೇಕು. ಏಕೆಂದರೆ ಮುಂದೆ ಅವರಿಗೆ ಮಧುಮೇಹ ಬರುವ ಸಂಭವ ಇತರ ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚು. ಬಾಣಂತನಕ್ಕೆ ತವರಿಗೆ ಹೋದಾಗ ತಾಯಿ ಕಾರ್ಡ್ ಒಂದು ಊರಿನಲ್ಲಿ, ತಾಯಿ ಇನ್ನೊಂದು ಊರಿನಲ್ಲಿ ಆಗಿ, ಮಗುವಿನ ಚುಚ್ಚುಮದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಲಸಿಕೆಗೆ ಬಂದ ತಾಯಿಯ ಕಾರ್ಡನ್ನು ತಿರುಗಿಸಿ, ನಿಮಗೆ ಬಸುರಿನಲ್ಲಿ ಸಕ್ಕರೆ ಇತ್ತಲ್ಲ, ನೋಡಿಸಿದಿರಾ ಎಂದು ಕೇಳುವುದು ಲಸಿಕೆ ಹಾಕುವ ಶುಶ್ರೂಷಕಿಯ ಕೆಲಸವೇ ಆಗಬೇಕು ಎಂದು ನನ್ನ ವಿದ್ಯಾರ್ಥಿನಿಯರಿಗೆ ಸದಾ ಹೇಳುತ್ತೇನೆ. ಈಗಲೂ ತಡವಾಗಿಲ್ಲ, ಈ ವಾರವೇ ಕರೆದುಕೊಂಡು ಹೋಗಿ. ಅವರಿಗೆ ರಕ್ತಹೀನತೆ ಇದ್ದರೆ ಮೂರು ತಿಂಗಳ ಸರಾಸರಿ ಪರೀಕ್ಷೆ ದಾರಿ ತಪ್ಪಿಸಬಹುದು, ಗ್ಲುಕೋಸ್ ಕುಡಿಸಿ ನೋಡುವುದೇ ಸೂಕ್ತ. ಮತ್ತೊಂದು ಮಗು ಬೇಕೆಂದಿದ್ದರೆ ಗರ್ಭ ನಿಲ್ಲುವ ಮೊದಲೇ ಸಕ್ಕರೆ ನೋಡಿಸಬೇಕು, ನಿಂತ ಮೇಲೆ ಮೊದಲ ಭೇಟಿಯಲ್ಲೇ ಹಿಂದಿನ ವಿಷಯ ತಿಳಿಸಬೇಕು.

ಮುಂದಿನ ಭೇಟಿಗೆ ತಂದೆಯವರ ಜೊತೆ ಹೋಗುವಾಗ ಬಾಟಲಿ, ಬಳಸುತ್ತಿರುವ ಸಿರಿಂಜ್, ಗ್ಲುಕೋಮೀಟರ್, ಎಲ್ಲ ಮಾತ್ರೆಗಳ ಪಟ್ಟಿ ಮತ್ತು ಒಂದು ವಾರ ಬರೆದಿಟ್ಟ ಅಂಕಿಗಳ ನೋಟ್‌ಬುಕ್ ಒಂದೇ ಚೀಲದಲ್ಲಿರಲಿ. ಆ ಬರವಣಿಗೆಯಲ್ಲಿ ಚುಚ್ಚಿದ ಹೊತ್ತು, ಉಂಡ ಹೊತ್ತು ಎರಡೂ ಇರಬೇಕು. ವರ್ಷಕ್ಕೊಮ್ಮೆ ಆಗಬೇಕಾದ ಕಣ್ಣಿನ ಪರದೆಯ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳು ಆಗಿವೆಯೇ ಎಂದು ಸಿಸ್ಟರ್ ಅವರನ್ನೇ ಕೇಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆಯನ್ನೂ ಮಾಡಿಸಿ, ಸಕ್ಕರೆ ಇರುವವರಲ್ಲಿ ಕ್ಷಯ ಹೆಚ್ಚು. ಆ ದಿನದವರೆಗೆ ಕಾಯದೆ ಅಂದೇ ಹೋಗಬೇಕಾದ ಸಂದರ್ಭಗಳೂ ಇವೆ: ಪದೇ ಪದೇ ವಾಂತಿ, ಉಸಿರು ಬಿರುಸಾಗುವುದು, ಮಂಪರು, ಪಾದದಲ್ಲಿ ಗಾಯ ಕಪ್ಪಾಗುವುದು ಅಥವಾ ವಾಸನೆ ಬರುವುದು, ಸಕ್ಕರೆ 300ಕ್ಕಿಂತ ಕೆಳಗೆ ಬಾರದಿರುವುದು. ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ನನ್ನು ತಾವಾಗಿ ಪೂರ್ತಿ ನಿಲ್ಲಿಸಬಾರದು. ಎಷ್ಟು ತೆಗೆದುಕೊಳ್ಳಬೇಕು, ಯಾವ ಮಾತ್ರೆ ನಿಲ್ಲಿಸಬೇಕು ಎಂದು ಫೋನ್ ಮಾಡಿಯಾದರೂ ಕೇಳಬೇಕು, ಹಾಗೆ ಕೇಳಲು ಒಂದು ನಂಬರನ್ನು ಈ ಭೇಟಿಯಲ್ಲಿಯೇ ಬರೆದುಕೊಂಡು ಬನ್ನಿ.